ಚೌತಿಗೆ ಒಂದು, ಯುಗಾದಿಗೆ ಎರಡು

ಸಿರ್ಸಿ ಸೀಮೆಯ ನಮ್ಮ ಮನೆಯಲ್ಲಿ ಗೋಬರ್ ಗ್ಯಾಸಿನ ಗುಂಡಿ ಕೊಟ್ಟಿಗೆಯ ಹಿಂದಿತ್ತು. ಗುಂಡಿಯ ಬಾಯಿಗೆ ಕವುಚಿ ಹಾಕಿದ ಕಬ್ಬಿಣದ ದೊಡ್ಡ ಡ್ರಮ್ಮು, ಅದು ವಾಲದಂತೆ ನಡುವೆ ಒಂದು ಕಂಬಿ. ಬೆಳಗ್ಗೆ ಸಗಣಿಗೆ ನೀರು ಸೇರಿಸಿ ಕಲಸಿ, ಹುಲ್ಲಿನ ಎಸಳು ಆರಿಸಿ ತೆಗೆದು, ತೊಟ್ಟಿಯ ಬೆಣೆ ಎತ್ತಿದರೆ ಅದು ಗುಳುಗುಳು ಎನ್ನುತ್ತ ಒಳಗೆ ಇಳಿಯುತ್ತಿತ್ತು. ಆಚೆ ಬದಿಯಿಂದ ಅಷ್ಟೇ ಬಗ್ಗಡ ಹೊರಗೆ ಬರುತ್ತಿತ್ತು. ಶಾಲೆ ಬಿಟ್ಟು ಬರುವಷ್ಟರಲ್ಲಿ ಡ್ರಮ್ಮು ಗೇಣುದ್ದ ಮೇಲೆದ್ದಿರುತ್ತಿತ್ತು. ಒಲೆ ಹಚ್ಚುವ ಮೊದಲು ಆಯಿ ಹಿತ್ತಿಲ ಬಾಗಿಲಿಗೆ ಬಂದು ಕೂಗುತ್ತಿದ್ದಳು: “ತಮಾ, ಡ್ರಮ್ಮು ಎಷ್ಟು ಎದ್ದಿದ್ದು ನೋಡ್ಕಂಡು ಬಾ.” ಎದ್ದದ್ದು ಕಮ್ಮಿ ಎಂದರೆ ಅನ್ನಕ್ಕೆ ಕಟ್ಟಿಗೆ ಒಲೆ, ಚಹಕ್ಕೆ ಮಾತ್ರ ಗ್ಯಾಸು.

ನಾಲ್ಕು ಆಳು ಸೇರಿ ಹೊತ್ತು ತಂದು ಇಳಿಸಿದ ಡ್ರಮ್ಮು ಅದು. ಅದನ್ನು ದಿನಾ ಎತ್ತುವವರು ಯಾರೆಂದು ನಾನು ಆಗ ಕೇಳಲಿಲ್ಲ. ಕೇಳಿದ್ದು, ಲೆಕ್ಕ ಹಾಕಿದ್ದು ಎಷ್ಟೋ ವರ್ಷದ ಮೇಲೆ, ದೆಹಲಿಯ ಓಖ್ಲಾದಲ್ಲಿ ಕೂತು. ಒಂದು ಸಂಸಾರದ ಅಡುಗೆಗೆ ಸಾಕಾಗುವ ಘಟಕ ದಿನಕ್ಕೆ ಸುಮಾರು ಎರಡು ಘನ ಮೀಟರ್ ಅನಿಲ ಕೊಡುತ್ತದೆ. ಅದಕ್ಕೆ ಬೇಕಾದ ಸಗಣಿ 50 ಕಿಲೋ. ಆ ಅನಿಲದಲ್ಲಿ ಅರ್ಧಕ್ಕಿಂತ ತುಸು ಹೆಚ್ಚು ಮೀಥೇನ್. ಒಂದು ಇಂಗಾಲದ ಪರಮಾಣು, ಅದನ್ನು ಹಿಡಿದುಕೊಂಡ ನಾಲ್ಕು ಹೈಡ್ರೋಜನ್, ಅಷ್ಟೇ ಮೀಥೇನ್. ದಿನದ ಉತ್ಪತ್ತಿಯನ್ನು ಸೆಕೆಂಡುಗಳಿಗೆ ಹಂಚಿದೆ. ನಮ್ಮ ಕೊಟ್ಟಿಗೆಯ ಹಿಂದಿನ ಆ ಗುಂಡಿಯಲ್ಲಿ ಪ್ರತಿ ಸೆಕೆಂಡಿಗೆ ಹುಟ್ಟುತ್ತಿದ್ದ ಮೀಥೇನ್ ಅಣುಗಳು 34 ಲಕ್ಷ ಕೋಟಿ ಕೋಟಿ. 34 ಬರೆದು ಮುಂದೆ 19 ಸೊನ್ನೆ. ಒಂದೊಂದು ಅಣುವನ್ನೂ ಬಿಡಿಬಿಡಿಯಾಗಿ, ಒಂದು ನಿಕಲ್ ಪರಮಾಣುವಿನ ಎದುರಿಗೆ ತಂದು, ಕೊನೆಯ ಹೈಡ್ರೋಜನ್ ಕೂರಿಸಿ ಕಳಿಸಬೇಕು. ಒಟ್ಟಿಗೆ ಮಾಡುವ ಉಪಾಯವೇ ಇಲ್ಲ. ಆಯಿ ಅಕ್ಕಿ ತೊಳೆದು ಇಡುವಷ್ಟರೊಳಗೆ ಅಷ್ಟು ಕೆಲಸ ನಡೆದುಹೋಗುತ್ತಿತ್ತು.

ಓಖ್ಲಾದಲ್ಲಿ ಈಗ ನನ್ನ ಅಡುಗೆಮನೆಗೆ ಬರುವುದು ಪೈಪಿನ ಗ್ಯಾಸು. ಅದೂ ಮೀಥೇನೇ. ಮಹಡಿ ಹತ್ತಿ ನೋಡಿದರೆ ತುಘಲಕಾಬಾದಿನ ಕಡೆಗೆ ಕಸದ ಗುಡ್ಡ ಕಾಣುತ್ತದೆ. ದೆಹಲಿಗೆ ಇಂಥ ಗುಡ್ಡ ಮೂರು: ಗಾಜಿಪುರ, ಭಲ್ಸ್ವಾ, ಓಖ್ಲಾ. 2019ರಲ್ಲಿ ಹಳೆಯ ಕಸವನ್ನು ಅಗೆದು ಜರಡಿ ಹಿಡಿಯುವ ಕೆಲಸಕ್ಕೆ ಕೈ ಹಾಕಿದಾಗ ಮೂರರಲ್ಲೂ ಸೇರಿ 280 ಲಕ್ಷ ಟನ್ ಕಸ ಇದೆ ಎಂದು ಅಂದಾಜಾಗಿತ್ತು. ಓಖ್ಲಾದ ಪಾಲು 60 ಲಕ್ಷ ಟನ್. ಮೂರರಲ್ಲಿ ಚಿಕ್ಕದು ಇದೇ. ಈ ಚಿಕ್ಕದನ್ನು ಹತ್ತು ಟನ್ನಿನ ಲಾರಿಗಳಿಗೆ ತುಂಬಿದರೆ ಆರು ಲಕ್ಷ ಲಾರಿ. ಒಂದರ ಹಿಂದೆ ಒಂದು ತಾಗಿಸಿ ನಿಲ್ಲಿಸಿದರೆ ಸಾಲು ದೆಹಲಿಯಿಂದ ಬೆಂಗಳೂರಿಗೆ ಹೋಗಿ, ತಿರುಗಿ ದೆಹಲಿಗೆ ಬಂದು, ಇನ್ನೂ ಮಿಗುತ್ತದೆ. ತರಕಾರಿ ಸಿಪ್ಪೆ, ಉಳಿದ ಅನ್ನ, ಹೂವು, ರಟ್ಟು, ಚಿಂದಿ ಎಲ್ಲವೂ ಗಾಳಿಯಾಡದ ಆಳದಲ್ಲಿ ಅಮುಕಿಕೊಂಡು ಕೂತಿದೆ. ಗಾಳಿಯಿಲ್ಲದ ಕಡೆ ಕೊಳೆತದ್ದು ಕೊನೆಗೆ ಮೀಥೇನ್ ಆಗುತ್ತದೆ. ದೆಹಲಿಯ ಈ ಗುಡ್ಡಗಳು ಬೇಸಿಗೆಯಲ್ಲಿ ಹೊತ್ತಿಕೊಂಡು ದಿನಗಟ್ಟಲೆ ಆರದೆ ಹೊಗೆಯಾಡುವುದಕ್ಕೆ ಅದೂ ಒಂದು ಕಾರಣ.

ಅದೇ ಓಖ್ಲಾದಲ್ಲಿ ಕೊಳಚೆ ನೀರು ಶುದ್ಧೀಕರಿಸುವ ದೊಡ್ಡ ಘಟಕವೂ ಇದೆ. ಅದರ ಸಾಮರ್ಥ್ಯ ದಿನಕ್ಕೆ 56.4 ಕೋಟಿ ಲೀಟರ್. ಬೇಸಿಗೆಯಲ್ಲಿ ನಮ್ಮ ಬೀದಿಗೆ ಬರುವ ನೀರಿನ ಟ್ಯಾಂಕರನ್ನು ಅಳತೆಯಾಗಿ ಇಟ್ಟುಕೊಂಡೆ. ಸೆಕೆಂಡಿಗೆ ಒಂದು ಟ್ಯಾಂಕರಿಗಿಂತ ಹೆಚ್ಚು, ಹಗಲೂ ರಾತ್ರಿ. ನೀರು ಮುಂದೆ ಹೋದ ಮೇಲೆ ತಳದಲ್ಲಿ ಉಳಿಯುವ ಗಸಿಯನ್ನು ಮುಚ್ಚಿದ ಟ್ಯಾಂಕಿಗೆ ತುಂಬಿ ಕೊಳೆಯಲು ಬಿಡುತ್ತಾರೆ. ನಮ್ಮ ಡ್ರಮ್ಮಿನದೇ ದೊಡ್ಡಣ್ಣ. ಇನ್ನೂ ಒಂದು ಸಂಬಂಧ ಇದೆ. ಭಾರತದಲ್ಲಿ ಸಗಣಿಯಿಂದ ಅಡುಗೆಯ ಅನಿಲ ತೆಗೆಯುವ ಪ್ರಯೋಗಗಳು ಶಾಸ್ತ್ರೀಯವಾಗಿ ಶುರುವಾದದ್ದು ಇದೇ ದೆಹಲಿಯ ಕೃಷಿ ಸಂಶೋಧನಾ ಸಂಸ್ಥೆಯಲ್ಲಿ, 1930ರ ದಶಕದ ಕೊನೆಗೆ, ಎಸ್. ವಿ. ದೇಸಾಯಿ ಅವರ ಕೈಯಲ್ಲಿ. ಅಲ್ಲಿಂದ ಜಶಭಾಯಿ ಪಟೇಲರ ಮಾದರಿ, ಖಾದಿ ಆಯೋಗದ ಡ್ರಮ್ಮು, ಸಿರ್ಸಿಯ ಕೊಟ್ಟಿಗೆ. ನಮ್ಮಲ್ಲೇ ಕುಣಿಗಲ್ ತಾಲೂಕಿನ ಪುರ ಎಂಬ ಹಳ್ಳಿಯಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಅಮೂಲ್ಯ ರೆಡ್ಡಿ ಮತ್ತು ಸಂಗಡಿಗರು ಊರ ಸಗಣಿಯಿಂದಲೇ ದೀಪ ಹೊತ್ತಿಸಿ, ನೀರೆತ್ತಿಸಿದ್ದನ್ನು ಕನ್ನಡದ ಓದುಗರು ಬಲ್ಲರು.

ಇಷ್ಟೆಲ್ಲ ಕಡೆ ಮೀಥೇನ್ ಮಾಡುವ ಸೂಕ್ಷ್ಮಜೀವಿಗಳು ಒಂದೇ ಬುಡಕಟ್ಟಿನವು. ನೋಡಲು ಬ್ಯಾಕ್ಟೀರಿಯಾದಂತೆ ಇದ್ದರೂ ಅವು ಬ್ಯಾಕ್ಟೀರಿಯಾ ಅಲ್ಲ. ಈ ಮಾತು ತಿಳಿದದ್ದು ನಿನ್ನೆ ಮೊನ್ನೆ ಎನ್ನಬೇಕು: 1977ರಲ್ಲಿ. ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ಕಾರ್ಲ್ ವೋಸ್ ಮತ್ತು ಜಾರ್ಜ್ ಫಾಕ್ಸ್ ಜೀವಕೋಶದೊಳಗಿನ ಆರ್‌ಎನ್‌ಎ ತುಣುಕುಗಳನ್ನು ಒಂದಕ್ಕೊಂದು ಹೋಲಿಸುತ್ತಿದ್ದರು. ಮೀಥೇನ್ ಮಾಡುವ ಒಂದು ಜೀವಿಯ ತುಣುಕುಗಳು ಬ್ಯಾಕ್ಟೀರಿಯಾಕ್ಕೂ ಹೊಂದಲಿಲ್ಲ, ಗಿಡ-ಪ್ರಾಣಿಗಳಿಗೂ ಹೊಂದಲಿಲ್ಲ. ಹೀಗೆ ಸಿಕ್ಕಿದ್ದು ಜೀವಲೋಕದ ಮೂರನೆಯ ಕವಲು, ಆರ್ಕಿಯಾ. ಆ ಮೊದಲ ಜೀವಿಯನ್ನು ಹಿಂದೆ ಎಲ್ಲಿಂದ ಬೇರ್ಪಡಿಸಿ ತಂದಿದ್ದರು ಎಂದರೆ, ಅದೇ ಊರಿನ ಕೊಳಚೆ ಘಟಕದ ಗಸಿಯಿಂದ. ಮನುಷ್ಯ ಚಂದ್ರನ ಮೇಲೆ ನಡೆದು ಎಂಟು ವರ್ಷ ಆದ ಮೇಲೆ, ಜೀವಲೋಕದ ಮೂರರಲ್ಲಿ ಒಂದು ಪಾಲು ಅವನ ಕಾಲಡಿಯ ಚರಂಡಿಯಲ್ಲಿ ಪತ್ತೆಯಾಯಿತು.

ಈ ಜೀವಿಗಳು ಮೀಥೇನ್ ಮಾಡುವ ಯಂತ್ರದ ಹೆಸರು ಉದ್ದ: ಮೀಥೈಲ್-ಕೋಎನ್ಜೈಮ್ ಎಂ ರಿಡಕ್ಟೇಸ್. ಚಿಕ್ಕದಾಗಿ ಎಂಸಿಆರ್. ಇದೊಂದು ಕಿಣ್ವ. ಮೂರು ಬಗೆಯ ಪ್ರೋಟೀನುಗಳು ಎರಡೆರಡು ಸೇರಿ ಆರು ತುಂಡಿನ ಗಂಟು. ಆ ಗಂಟಿನೊಳಗೆ ಎರಡು ಕಡೆ ಎಫ್430 ಎಂಬ ಹಳದಿ ಅಣು. ಆ ಹಳದಿ ಅಣುವಿನ ನಟ್ಟನಡುವೆ ಒಂದೇ ಒಂದು ನಿಕಲ್ ಪರಮಾಣು. ನಾವು ಸಣ್ಣವರಿದ್ದಾಗಿನ 50 ಪೈಸೆಯ ನಾಣ್ಯದಲ್ಲಿ ತಾಮ್ರಕ್ಕೆ ಬೆರೆಸಿದ್ದರಲ್ಲ, ಅದೇ ನಿಕಲ್. ಈ ಗಂಟನ್ನು ಕಟ್ಟುವ ಮೂರು ಪ್ರೋಟೀನಿಗೆ ಮೂರು ಜೀನ್. ಜೀನಿನ ಭಾಷೆಗೆ ನಾಲ್ಕೇ ಅಕ್ಷರ, ನಿಮಗೆ ಗೊತ್ತು. ಮೂರೂ ಜೀನ್ ಸೇರಿ ಸುಮಾರು 3,700 ಅಕ್ಷರ ಆಗುತ್ತದೆ. ಪುಟಕ್ಕೆ 2,000 ಅಕ್ಷರ ಹಿಡಿಸಿದರೆ ಎರಡು ಪುಟ ತುಂಬುವುದಿಲ್ಲ. ಅದೇ ಅಚ್ಚಿನಲ್ಲಿ ಮನುಷ್ಯನ ಜೀನೋಮನ್ನು ಮುದ್ರಿಸಲು 15 ಲಕ್ಷ ಪುಟ ಬೇಕು. ಹಳದಿ ಅಣುವನ್ನು ತಯಾರಿಸಲು, ನಿಕಲ್ ತಂದು ಕೂರಿಸಲು ಬೇರೆ ಜೀನ್‌ಗಳು ಇವೆ, ಅವನ್ನು ಮರೆಯಬಾರದು. ಆದರೂ ಮೂಲ ಯಂತ್ರದ ಬರಹ ಎರಡು ಪುಟವೇ.

ಈ ಎರಡು ಪುಟ ವರ್ಷಕ್ಕೆ ಎಷ್ಟು ಮೀಥೇನ್ ಮಾಡಿಸುತ್ತದೆ? ಸುಮಾರು 100 ಕೋಟಿ ಟನ್. ಇಡೀ ಜಗತ್ತಿನ ರೈತರು ಕೂಡಿ ವರ್ಷಕ್ಕೆ ಬೆಳೆಯುವ ಗೋಧಿ 80 ಕೋಟಿ ಟನ್ ಆಸುಪಾಸು. ಹಸುವಿನ ಹೊಟ್ಟೆ, ಭತ್ತದ ಗದ್ದೆಯ ಕೆಸರು, ಜೌಗು ನೆಲ, ಗೆದ್ದಲಿನ ಕರುಳು, ಓಖ್ಲಾದ ಗುಡ್ಡ, ಸಮುದ್ರದ ತಳ, ಎಲ್ಲ ಕಡೆಯೂ ಅದೇ ಎಂಸಿಆರ್, ಅದೇ ನಿಕಲ್. ಸಣ್ಣಪುಟ್ಟ ಬೇರೆ ದಾರಿಗಳು ಇವೆಯಾದರೂ ಜೀವಿಗಳು ಮಾಡುವ ಮೀಥೇನಿನಲ್ಲಿ ಹೆಚ್ಚೂಕಡಿಮೆ ಎಲ್ಲವೂ ಈ ಒಂದು ಬಾಗಿಲಿಂದಲೇ ಹೊರಗೆ ಬರಬೇಕು. ಬಾಗಿಲು ಹಳೆಯದು. ಪಶ್ಚಿಮ ಆಸ್ಟ್ರೇಲಿಯಾದ ಪಿಲ್ಬರಾದಲ್ಲಿ ಸುಮಾರು 346 ಕೋಟಿ ವರ್ಷದ ಕಲ್ಲಿನೊಳಗೆ ಸಿಕ್ಕಿಕೊಂಡ ನೀರಗುಳ್ಳೆಗಳಲ್ಲಿ, ಜೀವಿಗಳು ಮಾಡಿದ್ದೆಂದು ತೋರುವ ಮೀಥೇನ್ 2006ರಲ್ಲಿ ಸಿಕ್ಕಿತು. ಹಾಸನ ಜಿಲ್ಲೆಯ ಗೊರೂರಿನಲ್ಲಿ ಹೇಮಾವತಿಯ ದಡದ ನೈಸ್ ಬಂಡೆ ಕರ್ನಾಟಕದ ಅತಿ ಹಳೆಯ ಕಲ್ಲುಗಳಲ್ಲಿ ಒಂದು. ಅದಕ್ಕೆ 330 ಕೋಟಿ ವರ್ಷದ ಮೇಲಾಗಿದೆ. ಗೊರೂರಿನ ಬಂಡೆ ಕಾದು ಹೆಪ್ಪುಗಟ್ಟುತ್ತಿದ್ದ ಕಾಲಕ್ಕೇ ಈ ಕಸುಬು ನಡೆಯುತ್ತಿತ್ತು.

ಇನ್ನು ಕಡಲಿಗೆ ಇಳಿಯೋಣ. ಆರ್ಕಿಯಾಗಳಲ್ಲಿ ಮೊಟ್ಟಮೊದಲು ಪೂರ್ತಿ ಜೀನೋಮ್ ಓದಿಸಿಕೊಂಡದ್ದು ಮೆಥನೋಕಾಕಸ್ ಜಾನಾಶಿ. ಪೆಸಿಫಿಕ್ ಸಾಗರದಲ್ಲಿ 2,600 ಮೀಟರ್ ಆಳದ ಬಿಸಿನೀರ ಬುಗ್ಗೆಯ ಬುಡದಿಂದ ಆಲ್ವಿನ್ ಎಂಬ ಪುಟ್ಟ ಜಲಾಂತರ್ಗಾಮಿ ಅದನ್ನು ಮೇಲಕ್ಕೆ ತಂದಿತ್ತು. ಅಲ್ಲಿಯ ಒತ್ತಡ ನಮ್ಮ ನೆಲದ ಗಾಳಿಯ ಒತ್ತಡದ 260 ಪಟ್ಟು. ಅದಕ್ಕೆ ಇಷ್ಟವಾದ ಬಿಸಿ 85 ಡಿಗ್ರಿ; ಚಹ ಕೂಡ ಅಷ್ಟು ಬಿಸಿಯಿದ್ದರೆ ನಾವು ಊದಿ ಕುಡಿಯುತ್ತೇವೆ. 1996ರಲ್ಲಿ ಓದಿ ಮುಗಿದ ಅದರ ಮುಖ್ಯ ಕ್ರೋಮೋಸೋಮಿನಲ್ಲಿ 16,64,970 ಅಕ್ಷರ. ನಮ್ಮ ಅಚ್ಚಿನ ಲೆಕ್ಕದಲ್ಲಿ 830 ಪುಟದ ಒಂದೇ ಸಂಪುಟ. ಅದರಲ್ಲಿ 1,700ಕ್ಕೂ ಹೆಚ್ಚು ಜೀನ್. ಅರ್ಧಕ್ಕಿಂತ ಹೆಚ್ಚು ಜೀನ್‌ಗಳು ಅಲ್ಲಿಯವರೆಗೆ ಯಾರೂ ಕಂಡವಲ್ಲ.

ಇದಕ್ಕಿಂತ ಆಚೆಯದು ನಮ್ಮ ಹಿಂದೂ ಮಹಾಸಾಗರದಲ್ಲೇ ಸಿಕ್ಕಿತು. ಮಧ್ಯ ಹಿಂದೂ ಮಹಾಸಾಗರದ ಏಣಿನ ಮೇಲೆ ಕೈರೇ ಎಂಬ ಬುಗ್ಗೆಗಳ ಬಯಲಿದೆ. ಅಲ್ಲಿಂದ ತಂದ ಮೆಥನೋಪೈರಸ್ ಕ್ಯಾಂಡ್ಲೆರಿಯ ಒಂದು ತಳಿಯನ್ನು ಜಪಾನಿನ ಕೆನ್ ತಕಾಯಿ ತಂಡ 200 ವಾತಾವರಣದ ಒತ್ತಡದಲ್ಲಿಟ್ಟು ಕಾಯಿಸಿತು. 122 ಡಿಗ್ರಿಯಲ್ಲೂ ಅದು ಬೆಳೆದು ಎರಡಾಯಿತು. 2008ರಲ್ಲಿ ಪ್ರಕಟವಾದ ಈ ಅಂಕಿಯನ್ನು ನಾನು ಓದಿದ್ದು ಅಡುಗೆಮನೆಯಲ್ಲಿ ನಿಂತು, ಬೇಳೆಗೆ ಇಟ್ಟ ಕುಕ್ಕರ್ ಮೂರನೆಯ ಸಲ ಕೂಗುವ ಹೊತ್ತಿಗೆ. ಕುಕ್ಕರಿನೊಳಗಿನ ಬಿಸಿ ಹೆಚ್ಚೆಂದರೆ 120 ಡಿಗ್ರಿ. ಆಸ್ಪತ್ರೆಗಳಲ್ಲಿ ಕತ್ತರಿ, ಚಿಮಟಿಗಳನ್ನು ಒಂದೂ ಜೀವ ಉಳಿಯದಂತೆ ಮಾಡಲು ಇಡುವ ಬಿಸಿ 121 ಡಿಗ್ರಿ. ತೊಗರಿ ಬೇಳೆ ಕರಗಿ ಗಂಜಿಯಾಗುವ ಶಾಖದಲ್ಲಿ ಒಂದು ಜೀವಿ ಸಂಸಾರ ನಡೆಸುತ್ತಿದೆ, ಮೀಥೇನ್ ಮಾಡುತ್ತಿದೆ. ಒಲೆ ಆರಿಸಿ ಕುಕ್ಕರಿನ ಮುಚ್ಚಳವನ್ನೇ ನೋಡುತ್ತ ನಿಂತಿದ್ದೆ.

ಇಲ್ಲಿಯವರೆಗೆ ಮೀಥೇನ್ ಮಾಡುವವರ ಮಾತಾಯಿತು. ತಿನ್ನುವವರ ಕಥೆಯೇ ನನಗೆ ಹೆಚ್ಚು ಪ್ರಿಯ.

ಸಮುದ್ರದ ತಳದ ಕೆಸರಿನಲ್ಲಿ ಕೋಟಿಗಟ್ಟಲೆ ಟನ್ ಮೀಥೇನ್ ವರ್ಷವರ್ಷವೂ ಹುಟ್ಟುತ್ತದೆ ಅಥವಾ ಆಳದಿಂದ ಮೇಲೇರಿ ಬರುತ್ತದೆ. ಆದರೆ ಮೇಲಿನ ನೀರಿಗೆ ಅದು ತಲುಪುವುದೇ ಅಪರೂಪ. ಕೆಸರಿನ ಆಳದಿಂದ ಮೀಥೇನ್ ಏರುತ್ತಿದ್ದ ಹಾಗೆ, ಸಮುದ್ರದ ನೀರಿನ ಸಲ್ಫೇಟ್ ಮೇಲಿಂದ ಇಳಿದು ಬಂದು ಅದನ್ನು ಸೇರುವ ಒಂದು ಪದರ ಇದೆ. ಅಲ್ಲಿ ಎರಡೂ ಒಮ್ಮೆಲೇ ಕಾಣೆಯಾಗುತ್ತವೆ. ಯಾರೋ ತಿನ್ನುತ್ತಿದ್ದಾರೆ ಎಂಬ ಗುಮಾನಿ 1970ರ ದಶಕದಿಂದಲೇ ಇತ್ತು. ಹಿಡಿದು ತೋರಿಸಿದ್ದು 1999 ಮತ್ತು 2000ದಲ್ಲಿ. ಅಮೆರಿಕದ ಆರೆಗಾನ್ ಕರಾವಳಿಯ ಆಚೆ ಹೈಡ್ರೇಟ್ ರಿಡ್ಜ್ ಎಂಬ ಮುಳುಗಿದ ದಿಣ್ಣೆಯ ಕೆಸರನ್ನು ತಂದು, ಬಣ್ಣ ಕಟ್ಟಿ, ಸೂಕ್ಷ್ಮದರ್ಶಕದ ಕೆಳಗಿಟ್ಟರು ಆಂಟಿಯೆ ಬೊಯೆಟಿಯಸ್ ಮತ್ತು ಸಂಗಡಿಗರು. ಕಂಡದ್ದು ಚೆಂಡುಹೂವಿನಂಥ ಗುಂಪುಗಳು. ನಡುವೆ ಸುಮಾರು 100 ಆರ್ಕಿಯಾ, ಒತ್ತಾಗಿ. ಅವನ್ನು ಸುತ್ತುವರಿದು ಸುಮಾರು 200 ಬ್ಯಾಕ್ಟೀರಿಯಾ. ಇಡೀ ಗುಂಪಿನ ಅಗಲ ಮೂರು ಮೈಕ್ರಾನ್ ಚಿಲ್ಲರೆ. ಒಂದು ಮಿಲಿಮೀಟರಿನಲ್ಲಿ ಇಂಥ 300 ಚೆಂಡುಗಳನ್ನು ಸಾಲಾಗಿ ಇಡಬಹುದು.

ಕೆಸರು ಹುಲುಸಾಗಿದ್ದ ಕಡೆ ಒಂದು ಘನ ಸೆಂಟಿಮೀಟರಿನಲ್ಲಿ ಇಂಥ ಏಳು ಕೋಟಿ ಚೆಂಡುಗಳಿದ್ದವು. ನಾನು ಚಹದ ಚಮಚ ತೆಗೆದುಕೊಂಡು ಲೆಕ್ಕ ಮಾಡಿದೆ. ಒಂದು ಚಮಚ ಕೆಸರಿಗೆ 35 ಕೋಟಿ ಚೆಂಡು. ಒಂದರಲ್ಲಿ 300 ಜೀವ. ಒಟ್ಟು 10,500 ಕೋಟಿ ಜೀವ. ಭೂಮಿಯ ಮೇಲೆ ಈಗ ಬದುಕಿರುವ ಮನುಷ್ಯರು 800 ಕೋಟಿ ಚಿಲ್ಲರೆ. ಒಂದು ಚಮಚ ಕೆಸರಿನಲ್ಲಿ ಹದಿಮೂರು ಭೂಮಿಯಷ್ಟು ಮಂದಿ.

ಇವರ ಬದುಕಿನ ಕಷ್ಟವನ್ನು ಅಂಕಿಯಲ್ಲೇ ಹೇಳಬೇಕು. ಮೀಥೇನಿನ ಇಂಗಾಲಕ್ಕೂ ಹೈಡ್ರೋಜನ್ನಿಗೂ ಇರುವ ಕಟ್ಟು ಬಹಳ ಗಟ್ಟಿ. ಅದಕ್ಕೇ ಗ್ಯಾಸ್ ಒಲೆಗೆ ಕಡ್ಡಿ ಗೀರಬೇಕು ಅಥವಾ ಲೈಟರಿನ ಕಿಡಿ ಬೇಕು. ಕಿಡಿಯಿಲ್ಲದೆ ತಾನಾಗಿ ಹೊತ್ತಿಕೊಳ್ಳಲು ಮೀಥೇನಿಗೆ 500 ಡಿಗ್ರಿ ದಾಟಿದ ಬಿಸಿ ಬೇಕು. ಹೈಡ್ರೇಟ್ ರಿಡ್ಜಿನ ಕೆಸರು 4 ಡಿಗ್ರಿ ತಣ್ಣಗಿರುತ್ತದೆ, ಫ್ರಿಜ್ಜಿನ ಹಾಗೆ. ಅಲ್ಲಿ ಆಮ್ಲಜನಕವೂ ಇಲ್ಲ. ಆ ಕಟ್ಟನ್ನು ಆ ತಂಪಿನಲ್ಲಿ ಬಿಡಿಸಿ, ಸಿಕ್ಕ ಎಲೆಕ್ಟ್ರಾನುಗಳನ್ನು ಆರ್ಕಿಯಾ ಪಕ್ಕದ ಬ್ಯಾಕ್ಟೀರಿಯಾಕ್ಕೆ ದಾಟಿಸುತ್ತದೆ. ಬ್ಯಾಕ್ಟೀರಿಯಾ ಅದರಿಂದ ಸಲ್ಫೇಟನ್ನು ಸಲ್ಫೈಡ್ ಮಾಡುತ್ತದೆ. ಇಷ್ಟಕ್ಕೆ ಸಿಗುವ ಕೂಲಿ ಎಷ್ಟು? ನಮ್ಮ ಒಲೆ ಮೀಥೇನನ್ನು ಗಾಳಿಯಲ್ಲಿ ಸುಟ್ಟು 100 ಪೈಸೆಯ ಶಕ್ತಿ ಪಡೆದರೆ, ಅಷ್ಟೇ ಮೀಥೇನಿಗೆ ಇವಕ್ಕೆ ಸಿಗುವುದು ಎರಡು ಪೈಸೆ, ಅನುಕೂಲವಾದ ಕಡೆ ನಾಲ್ಕು ಪೈಸೆ. ಅದನ್ನೂ ಇಬ್ಬರು ಹಂಚಿಕೊಳ್ಳಬೇಕು.

ಎರಡು ಪೈಸೆಯ ಮನೆಯಲ್ಲಿ ಮಕ್ಕಳು ಬೇಗ ಹುಟ್ಟುವುದಿಲ್ಲ. ಒಳ್ಳೆಯ ಊಟ ಸಿಕ್ಕರೆ ನಮ್ಮ ಕರುಳಿನ ಇ. ಕೋಲಿ 20 ನಿಮಿಷಕ್ಕೆ ಎರಡಾಗುತ್ತದೆ. ಹೈಡ್ರೇಟ್ ರಿಡ್ಜಿನಿಂದ ತಂದು ಜರ್ಮನಿಯ ಬ್ರೆಮೆನ್‌ನ ಪ್ರಯೋಗಾಲಯದಲ್ಲಿ ಸಾಕಿದ ಈ ಚೆಂಡುಗಳು ಎರಡಾಗಲು ತೆಗೆದುಕೊಂಡದ್ದು ಸುಮಾರು ಏಳು ತಿಂಗಳು. ಚೌತಿಗೆ ಒಂದು ಇದ್ದದ್ದು ಯುಗಾದಿಗೆ ಎರಡು. ಆ ಅವಧಿಯಲ್ಲಿ ಇ. ಕೋಲಿಗೆ 15,000 ತಲೆಮಾರು ದಾಟಿಹೋಗುವಷ್ಟು ಹೊತ್ತು ಇದೆ. ಒಂದು ಬಾಟಲಿಯಲ್ಲಿ ಕಾಣುವಷ್ಟು ಬೆಳೆಯಲಿ ಎಂದು ವರ್ಷಗಟ್ಟಲೆ ಕಾದ ಸಂಶೋಧಕರನ್ನು ನೆನೆದರೆ ನನಗೆ ತೋಟದಲ್ಲಿ ಅಡಿಕೆ ಸಸಿ ನೆಟ್ಟು ಕಾಯುತ್ತಿದ್ದ ಅಪ್ಪಯ್ಯನ ನೆನಪಾಗುತ್ತದೆ.

ಹಾಗಾದರೆ ಮೀಥೇನ್ ತಿನ್ನುವ ಯಂತ್ರ ಯಾವುದು? 2003ರಲ್ಲಿ ಕಪ್ಪು ಸಮುದ್ರದ ತಳದಿಂದ ಉತ್ತರ ಬಂತು. ಅಲ್ಲಿ ಆಮ್ಲಜನಕವಿಲ್ಲದ ಆಳದಲ್ಲಿ ಈ ಜೀವಿಗಳು ಕಟ್ಟಿದ ಹುತ್ತಗಳಿವೆ, ನಾಲ್ಕು ಮೀಟರ್ ಎತ್ತರದವರೆಗೆ. ಅಷ್ಟು ಸಣ್ಣ ಜೀವ, ಅಷ್ಟು ಎತ್ತರ. ಆ ಹುತ್ತದ ಲೋಳೆಯಿಂದ ತೆಗೆದ ಪ್ರೋಟೀನಿನಲ್ಲಿ ಒಂದೇ ಒಂದು ಪ್ರೋಟೀನ್ ನೂರಕ್ಕೆ ಏಳರಷ್ಟಿತ್ತು. ಅದರಲ್ಲಿ ನಿಕಲ್ ಇತ್ತು. ಅದು ಎಂಸಿಆರ್ ಮನೆತನದ್ದೇ. ಮರುವರ್ಷ ಸ್ಟೀವನ್ ಹಾಲಮ್, ಎಡ್ವರ್ಡ್ ಡಿಲಾಂಗ್ ತಂಡ ಸಮುದ್ರದ ಕೆಸರಿನ ಜೀನ್‌ಗಳನ್ನು ಓದಿ ನೋಡಿದಾಗ, ಮೀಥೇನ್ ಮಾಡಲು ಬೇಕಾದ ಜೀನ್‌ಗಳು ಹೆಚ್ಚೂಕಡಿಮೆ ಪೂರ್ತಿಯಾಗಿ ಈ ತಿನ್ನುವವರಲ್ಲಿ ಇದ್ದವು. ಅದೇ ಏಣಿ. ಒಬ್ಬರು ಹತ್ತುತ್ತಿದ್ದಾರೆ, ಇನ್ನೊಬ್ಬರು ಇಳಿಯುತ್ತಿದ್ದಾರೆ.

ಏಣಿಯಲ್ಲಿ ನಿಜವಾಗಿಯೂ ಇಳಿಯಲು ಬರುತ್ತದೆಯೇ ಎಂಬ ಅನುಮಾನ ಉಳಿದಿತ್ತು. 2010ರಲ್ಲಿ ಸಿಲ್ವನ್ ಷೆಲ್ಲರ್, ರುಡಾಲ್ಫ್ ಥಾವರ್, ಬೆರ್ನ್‌ಹಾರ್ಡ್ ಯೌನ್ ಮತ್ತಿತರರು ಮೀಥೇನ್ ಮಾಡುವ ಜೀವಿಯೊಂದರ ಎಂಸಿಆರನ್ನೇ ಶುದ್ಧವಾಗಿ ತೆಗೆದು, ಅದಕ್ಕೆ ಮೀಥೇನ್ ಉಣಿಸಿದರು. ಯಂತ್ರ ಹಿಂದಕ್ಕೆ ತಿರುಗಿತು. ನಿಧಾನವಾಗಿ, ಆದರೆ ತಿರುಗಿತು. ಆ ಜೀವಿ ಮೆಥನೋಥರ್ಮೋಬ್ಯಾಕ್ಟರ್ ಮಾರ್ಬರ್ಗೆನ್ಸಿಸ್. ಅದನ್ನು ಮೊದಲು ಹಿಡಿದದ್ದು ಜರ್ಮನಿಯ ಮಾರ್ಬರ್ಗ್ ಪಟ್ಟಣದ ಕೊಳಚೆ ಘಟಕದ ಗಸಿಯಲ್ಲಿ. ಸಮುದ್ರದ ತಳದ ರಹಸ್ಯಕ್ಕೆ ಕೀಲಿಕೈ ಮತ್ತೆ ಕೊಳಚೆಯಿಂದಲೇ ಬಂತು. ಇದನ್ನು ಓದಿದ ಮೇಲೆ ಓಖ್ಲಾದ ಕೊಳಚೆ ಘಟಕದ ಪಕ್ಕ ಹಾದುಹೋಗುವಾಗ ಮೂಗು ಮುಚ್ಚಿಕೊಂಡರೂ ಒಂದು ಬಗೆಯ ಗೌರವ ತಾನಾಗಿ ಬರುತ್ತದೆ.

ಮುಂದಿನ ಬೆರಗು ಸಿಲಿಂಡರಿನದು. ಮನೆಗೆ ಬರುವ ಕೆಂಪು ಸಿಲಿಂಡರಿನಲ್ಲಿ 14.2 ಕಿಲೋ ಅನಿಲ ಇರುತ್ತದೆ. ಅದು ಮೀಥೇನ್ ಅಲ್ಲ, ಪ್ರೊಪೇನ್ ಮತ್ತು ಬ್ಯುಟೇನ್. ಮೀಥೇನಿಗೆ ಒಂದು ಇಂಗಾಲ, ಬ್ಯುಟೇನಿಗೆ ನಾಲ್ಕು. ಮೆಕ್ಸಿಕೋದ ಪಕ್ಕದ ಕ್ಯಾಲಿಫೋರ್ನಿಯಾ ಕೊಲ್ಲಿಯಲ್ಲಿ ಗ್ವಾಯ್ಮಾಸ್ ಎಂಬ ತಗ್ಗಿದೆ. ಎರಡು ಸಾವಿರ ಮೀಟರ್ ಆಳ. ಅಲ್ಲಿ ಭೂಗರ್ಭದ ಬಿಸಿ ಕೆಸರನ್ನು ಬೇಯಿಸಿ ಬೇಯಿಸಿ ಎಣ್ಣೆ ಮಾಡುತ್ತದೆ. ಕಚ್ಚಾ ತೈಲ ಆಗಲು ಬೇರೆಡೆ ತಗಲುವ ಲಕ್ಷಾಂತರ ವರ್ಷಗಳ ಕೆಲಸ ಅಲ್ಲಿ ಬಹಳ ಬೇಗ ಮುಗಿಯುತ್ತದೆ. ಆ ಕೆಸರನ್ನು ಬ್ರೆಮೆನ್‌ಗೆ ತಂದು, 50 ಡಿಗ್ರಿ ಬಿಸಿಯಲ್ಲಿಟ್ಟು, ಊಟಕ್ಕೆ ಬ್ಯುಟೇನ್ ಮಾತ್ರ ಕೊಟ್ಟು ವರ್ಷಗಟ್ಟಲೆ ಸಾಕಿದರು. 2016ರಲ್ಲಿ ರಾಫಾಯೆಲ್ ಲಾಸೋ-ಪೆರೆಸ್, ಗುಂಟರ್ ವೆಗೆನರ್ ಮತ್ತಿತರರು ತಿಳಿಸಿದ ಸುದ್ದಿ: ಅಲ್ಲಿದ್ದ ಆರ್ಕಿಯಾ ಬ್ಯುಟೇನನ್ನು ಎಂಸಿಆರ್‌ನ ದಾಯಾದಿ ಕಿಣ್ವದಿಂದಲೇ ಹಿಡಿದು ತಿನ್ನುತ್ತಿತ್ತು. ಸಿಂಟ್ರೋಫೋಆರ್ಕಿಯಂ ಎಂದು ಅದಕ್ಕೆ ಹೆಸರಿಟ್ಟರು. ಅದರ ಜೀನೋಮಿನಲ್ಲಿ ಈ ಬಗೆಯ ಕಿಣ್ವದ ಜೀನ್‌ಗಳು ಒಂದಲ್ಲ, ನಾಲ್ಕು ಜೊತೆ. ಮೀಥೇನಿಗೆ ಮೀಸಲು ಎಂದು ದಶಕಗಟ್ಟಲೆ ನಂಬಿದ್ದ ಯಂತ್ರ ಅದು. 2019ರಲ್ಲಿ ಮೆಕ್ಸಿಕೋ ಕೊಲ್ಲಿಯಿಂದ ಈಥೇನ್ ತಿನ್ನುವ ಆರ್ಕಿಯಾ ಬಂತು. 2022ರಲ್ಲಿ ಚೀನಾದ ತೈಲಕ್ಷೇತ್ರದಿಂದ ಇನ್ನೊಂದು: ಉದ್ದುದ್ದ ಸರಪಳಿಯ ಎಣ್ಣೆಯನ್ನು ತಾನೊಂದೇ ತಿಂದು ಮೀಥೇನ್ ಬಿಡುವಂಥದು. ಹತ್ತುವುದೂ ಇಳಿಯುವುದೂ ಒಂದೇ ಮೈಯಲ್ಲಿ.

ಇವುಗಳಲ್ಲಿ ಹೆಚ್ಚಿನವನ್ನು ಯಾರೂ ಬಿಡಿಯಾಗಿ ಸಾಕಿಲ್ಲ. ಕೆಸರಿನಲ್ಲಿರುವ ಎಲ್ಲ ಜೀವಿಗಳ ಡಿಎನ್‌ಎಯನ್ನು ಒಟ್ಟಿಗೆ ತೆಗೆದು, ತುಂಡು ತುಂಡಾಗಿ ಓದಿ, ಯಾವ ತುಂಡು ಯಾರದು ಎಂದು ಕಂಪ್ಯೂಟರಿನಲ್ಲಿ ಬೇರ್ಪಡಿಸುತ್ತಾರೆ. ಈ ಕೆಲಸ ನನಗೆ ಅರ್ಥವಾದದ್ದು ಓಖ್ಲಾದ ಗುಡ್ಡದ ಬುಡದಲ್ಲಿ ಚಿಂದಿ ಆಯುವ ಹೆಂಗಸರ ಕೈ ನೋಡಿದಾಗ. ಪ್ಲಾಸ್ಟಿಕ್ಕಿನ ತುಂಡು ಸಿಕ್ಕರೆ ಒಮ್ಮೆ ಹಿಂಡುತ್ತಾರೆ, ಬೆರಳಲ್ಲಿ ಸದ್ದು ಮಾಡುತ್ತಾರೆ. ಹಾಲಿನ ತೊಟ್ಟೆ ಒಂದು ಚೀಲಕ್ಕೆ, ಚಿಪ್ಸಿನ ಪೊಟ್ಟಣ ಇನ್ನೊಂದಕ್ಕೆ, ನೀರಿನ ಬಾಟಲಿ ಮತ್ತೊಂದಕ್ಕೆ. ಮೇಲಿನ ಹೆಸರು ಹರಿದು ಹೋಗಿದ್ದರೂ ಕೈಗೆ ಗೊತ್ತಾಗುತ್ತದೆ. ಜೀನ್ ತುಂಡುಗಳನ್ನೂ ಹಾಗೆಯೇ, ಅಕ್ಷರಗಳ ಹದ, ಎಷ್ಟು ಸಲ ಕಂಡಿತು ಎಂಬ ಲೆಕ್ಕ, ಇವುಗಳಿಂದ ಒಂದೊಂದು ಜೀವಿಯ ಚೀಲಕ್ಕೆ ಹಾಕುತ್ತಾರೆ. ಹೀಗೆ ಗ್ವಾಯ್ಮಾಸಿನ ಕೆಸರಿನಿಂದ 2019ರಲ್ಲಿ ಎದ್ದು ಬಂದ ಒಂದು ಗುಂಪಿಗೆ ಹೆಲ್‌ಆರ್ಕಿಯೋಟಾ ಎಂದು ಹೆಸರು. ಅದರಲ್ಲೂ ಬ್ಯುಟೇನಿನಂಥವನ್ನು ಹಿಡಿಯುವ ಅದೇ ಮನೆತನದ ಜೀನ್‌ಗಳಿವೆ. ಅದು ಆಸ್ಗಾರ್ಡ್ ಆರ್ಕಿಯಾಗಳ ಪೈಕಿ. ಗಿಡ, ಅಣಬೆ, ಹಸು, ನಾವು, ಎಲ್ಲರ ಜೀವಕೋಶದ ಪೂರ್ವಜ ಹುಟ್ಟಿದ್ದು ಈ ಆಸ್ಗಾರ್ಡ್ ಕುಲದಿಂದ ಎಂದು ಇವತ್ತಿನ ಬಹುಪಾಲು ಪುರಾವೆ ಹೇಳುತ್ತಿದೆ. ಸಮುದ್ರದ ತಳದಲ್ಲಿ ಸಿಲಿಂಡರಿನ ಗ್ಯಾಸು ತಿನ್ನುವ ಜೀನ್ ಇಟ್ಟುಕೊಂಡವರು ನಮಗೆ ಬಹಳ ದೂರದ ನೆಂಟರು.

ನಮ್ಮ ದೇಶದ ಕಡಲು ಈ ಕಥೆಯ ಹೊರಗಿಲ್ಲ. 2006ರಲ್ಲಿ ಜಾಯ್ಡಿಸ್ ರೆಸಲ್ಯೂಷನ್ ಎಂಬ ಹಡಗು 113 ದಿನ ಭಾರತದ ಸುತ್ತ ಕಡಲ ತಳವನ್ನು ಕೊರೆಯಿತು. ಕೃಷ್ಣಾ-ಗೋದಾವರಿ ನದಿಮುಖದ ಆಚೆ ಒಂದು ಕಡೆ, ಹೈಡ್ರೇಟ್ ಅಂದರೆ ಮೀಥೇನ್ ಸಿಕ್ಕಿಬಿದ್ದ ಮಂಜುಗಡ್ಡೆ ತುಂಬಿದ ಪದರ ಸುಮಾರು 128 ಮೀಟರ್ ದಪ್ಪ ಇತ್ತು. ಜೋಗದ ರಾಜಾ ಬೀಳುವ ಎತ್ತರದ ಅರ್ಧ. ಈ ಮಂಜುಗಡ್ಡೆಯ ಒಂದು ಘನ ಮೀಟರ್ ಕರಗಿದರೆ 164 ಘನ ಮೀಟರ್ ಅನಿಲ ಹೊರಬರುತ್ತದೆ. ಮನೆಯ ಸ್ಟೀಲ್ ಬೀರುವಿನಷ್ಟು ಗಡ್ಡೆ ಎಂದರೆ ಎಂಟು ಸಿಲಿಂಡರಿನ ತೂಕದ ಗ್ಯಾಸು. ಅದೇ ಜಲಾನಯನದಲ್ಲಿ, ಮೀಥೇನ್ ತಾನಾಗಿ ಒಸರುವ ಜಾಗಗಳನ್ನು ಗೋವಾದ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆಯ ಅನಿಂದ್ಯ ಮಜುಂದಾರ್ ಮತ್ತು ಸಂಗಡಿಗರು ಸಿಂಧು ಸಾಧನಾ ಹಡಗಿನಲ್ಲಿ ಹೋಗಿ ಹುಡುಕಿ 2019ರಲ್ಲಿ ಪ್ರಕಟಿಸಿದರು. ಬೆಳಕೇ ಕಾಣದ ಆ ಆಳದಲ್ಲಿ, ಈ ಅನಿಲವನ್ನು ನಂಬಿ ಬದುಕುವ ಚಿಪ್ಪುಜೀವಿಗಳ ಊರೇ ಇತ್ತು. ಕೃಷ್ಣೆ ಹೊತ್ತು ಹೋಗುವ ಮಣ್ಣಿನಲ್ಲಿ ನಮ್ಮ ಮಲಪ್ರಭೆಯದು, ಘಟಪ್ರಭೆಯದು, ತುಂಗಭದ್ರೆಯದು ಪಾಲಿದೆ. ಆ ಕೆಸರಿನ ಊಟದಲ್ಲಿ ಬಯಲುಸೀಮೆಯ ಎಲೆ, ಬೇರು, ಸಗಣಿ ಕೂಡ ಎಂದೋ ಬಡಿಸಲಾಗಿದೆ.

ಈಗ ಓಖ್ಲಾದ ಲೆಕ್ಕಕ್ಕೆ ಬರುತ್ತೇನೆ. ಇದನ್ನು ಹೇಳಬೇಕೆಂದೇ ಇಷ್ಟು ದೂರ ಸುತ್ತಿದ್ದು. ಸಮುದ್ರದ ಕೆಸರಿನಲ್ಲಿ ಮೇಲೇರುವ ಮೀಥೇನಿನಲ್ಲಿ ಹತ್ತಕ್ಕೆ ಒಂಬತ್ತು ಪಾಲನ್ನು ಆ ಎರಡು ಪೈಸೆಯ ಜೀವಿಗಳು ನೀರಿಗೆ ಬಿಡದೆ ತಿಂದು ಮುಗಿಸುತ್ತವೆ. ಕಸದ ಗುಡ್ಡದ ಮೇಲೆ ಮಣ್ಣಿನ ಹೊದಿಕೆ ಹಾಕಿ ಚೆನ್ನಾಗಿ ನೋಡಿಕೊಂಡರೆ, ಆ ಮಣ್ಣಿನಲ್ಲಿ ಗಾಳಿ ಉಸಿರಾಡುವ ಬೇರೆ ಬ್ಯಾಕ್ಟೀರಿಯಾಗಳು ಬಂದು ಮೀಥೇನ್ ತಿನ್ನುತ್ತವೆ. ಹವಾಮಾನ ಬದಲಾವಣೆಯ ಅಂತರಸರ್ಕಾರಿ ಸಮಿತಿ ದೇಶಗಳಿಗೆ ಕೊಟ್ಟಿರುವ ಲೆಕ್ಕದ ಸೂತ್ರದಲ್ಲಿ ಇದಕ್ಕೆ ಹಿಡಿಯುವುದು ಹತ್ತಕ್ಕೆ ಒಂದು ಪಾಲು. ಹೊದಿಕೆಯಿಲ್ಲದ ಬರೀ ಗುಡ್ಡಕ್ಕೆ ಅದೇ ಸೂತ್ರ ಕೊಡುವ ಅಂಕಿ ಸೊನ್ನೆ. ಒಂಬತ್ತು, ಒಂದು, ಸೊನ್ನೆ. ಕಡಲಿನ ಈ ಕಾವಲು ಬಹಳ ಹಳೆಯದು; ಗುಡ್ಡದ ವಯಸ್ಸು ಅದರ ಮುಂದೆ ಒಂದು ರೆಪ್ಪೆ ಬಡಿತವೂ ಅಲ್ಲ. ಕಾವಲು ಕಟ್ಟಿಕೊಳ್ಳಲು ಅಲ್ಲಿ ಯಾರಿಗೂ ಸಮಯ ಸಿಕ್ಕಿಲ್ಲ. ಹೊರಗೆ ಬಂದ ಮೀಥೇನ್ ಮೊದಲ ಇಪ್ಪತ್ತು ವರ್ಷ ಇಂಗಾಲದ ಡೈಆಕ್ಸೈಡಿಗಿಂತ 80 ಪಟ್ಟು ಹೆಚ್ಚು ಬಿಸಿ ಹಿಡಿದಿಡುತ್ತದೆ. ಕೈಗಾರಿಕೆಗಳ ಕಾಲಕ್ಕೆ ಮೊದಲು ಗಾಳಿಯ 100 ಕೋಟಿ ಅಣುಗಳಲ್ಲಿ ಮೀಥೇನ್ 700 ಚಿಲ್ಲರೆ ಇತ್ತು. ಈಗ 1,900 ದಾಟಿದೆ.

ಚಳಿಗಾಲ ಮುಗಿದ ಒಂದು ಭಾನುವಾರ ಯಮುನೆಯ ದಡಕ್ಕೆ ಹೋಗಿದ್ದೆ, ಓಖ್ಲಾ ಬ್ಯಾರೇಜಿನಿಂದ ತುಸು ಮೇಲೆ. ಟಿವಿಯಲ್ಲಿ ತೋರಿಸುವ ಬಿಳಿ ನೊರೆ ಸೋಪು-ರಾಸಾಯನಿಕಗಳದ್ದು, ಅದು ಬೇರೆ. ನಾನು ಹುಡುಕುತ್ತಿದ್ದದ್ದು ನೀರು ನಿಂತ ಮೂಲೆ. ದಡದಲ್ಲಿ ಬಿದ್ದಿದ್ದ ಬಿದಿರ ಗಳು ತೆಗೆದುಕೊಂಡು ಕಪ್ಪು ಕೆಸರಿಗೆ ಒತ್ತಿದೆ. ಮೊಣಕೈಯಷ್ಟು ಇಳಿಯಿತು. ಎಳೆದಾಗ ಗುಳ್ಳೆಗಳು ಬಂದವು. ಮೊದಲು ಸಾಸಿವೆಯಂಥವು ಸಾಲಾಗಿ, ಆಮೇಲೆ ನೆಲ್ಲಿಕಾಯಿಯಷ್ಟು ದೊಡ್ಡದೊಂದು ಎದ್ದು, ನೀರಿನ ಮೇಲೆ ಕ್ಷಣ ನಿಂತು, ಒಡೆಯಿತು. ಕೊಳೆತ ಮೊಟ್ಟೆಯ ವಾಸನೆ ಬಂತು, ಅದು ಸಲ್ಫೈಡಿನದು. ಮೀಥೇನಿಗೆ ವಾಸನೆ ಇಲ್ಲ. 1776ರಲ್ಲಿ ಇಟಲಿಯ ಮಜೋರೆ ಸರೋವರದ ಜೊಂಡಿನ ನಡುವೆ ಅಲೆಸ್ಸಾಂಡ್ರೋ ವೋಲ್ಟಾ ಹೀಗೆಯೇ ಕೋಲಿನಿಂದ ಕೆಸರು ಕಲಕಿ, ಗುಳ್ಳೆಗಳನ್ನು ಬಾಟಲಿಗೆ ಹಿಡಿದು, ಬೆಂಕಿ ತಾಗಿಸಿ ನೋಡಿದ್ದರು. ನನ್ನ ಬಳಿ ಬಾಟಲಿ ಇರಲಿಲ್ಲ. ನೆಲ್ಲಿಕಾಯಿಯಷ್ಟು ಆ ಗುಳ್ಳೆ ಹೋದ ದಾರಿಯನ್ನೇ ನೋಡುತ್ತ ನಿಂತೆ.

ಈ ಸಲ ಚೌತಿಗೆ ಊರಿಗೆ ಹೋದೆ. ಹಳೆಯ ಡ್ರಮ್ಮು ತುಕ್ಕು ಹಿಡಿದು ಎಂದೋ ಹೋಗಿದೆ. ಈಗ ನೆಲದೊಳಗೆ ಕಟ್ಟಿದ ಸಿಮೆಂಟಿನ ಗುಮ್ಮಟ. ಗ್ಯಾಸು ಎಷ್ಟಿದೆ ಎಂದು ಹೊರಗಿಂದ ಕಾಣುವುದಿಲ್ಲ, ಉರಿ ನೋಡಿಯೇ ತಿಳಿಯಬೇಕು. ಆಯಿ ಚಕ್ಕುಲಿಯ ಬಾಣಲೆ ಇಟ್ಟಿದ್ದಳು. ಪಕ್ಕದಲ್ಲಿ ಕೂತು, ಸಮುದ್ರದಡಿಯ ಆ ಚೆಂಡುಗಳ ವಿಷಯ ಹೇಳಿದೆ: ಒಲೆಗೆ ನೂರು ಪೈಸೆ ಸಿಗುವಲ್ಲಿ ಅವಕ್ಕೆ ಎರಡು ಪೈಸೆ, ಅದನ್ನೂ ಇಬ್ಬರು ಹಂಚಿಕೊಳ್ಳುತ್ತಾರೆ, ಇವತ್ತು ಒಂದಾಗಿದ್ದದ್ದು ಎರಡಾಗುವಾಗ ಯುಗಾದಿ ಬಂದಿರುತ್ತದೆ. ಆಯಿ ಜಾಲರಿಯಲ್ಲಿ ಚಕ್ಕುಲಿ ಮಗುಚುತ್ತ ಕೇಳಿಸಿಕೊಂಡಳು.

“ಎರಡು ಪೈಸೆಲಿ ಇಬ್ರು ಅಂದ್ರೆ ಇನ್ನೆಂತ ಮಾಡ್ತ, ಪಾಪ,” ಎಂದಳು. ಆಮೇಲೆ ಬಗ್ಗಿ, ನೀಲಿ ಉರಿಯನ್ನು ನೋಡಿ, ಕೀಲಿಯನ್ನು ಒಂದಿಷ್ಟು ಸಣ್ಣ ಮಾಡಿದಳು.